ಕೂಪೆ ಎಲೆಕ್ಟ್ರಿಕ್ ಕಾರು ಕೊಳ್ಳುವ ಮೊದಲು ಹಿಂದಿನ ಸೀಟಿನಲ್ಲಿ ಕುಳಿತಿದ್ದೀರಾ?

ಪರಿಚಯದವರು ನನಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ರೀತಿಯದು. "ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬೇಕು ಎಂದಿದ್ದೇನೆ. ಮನೆಯವರು ಎತ್ತರದ, ಚೌಕಾಕಾರದ ಗಾಡಿಯೇ ಅನುಕೂಲ ಎನ್ನುತ್ತಾರೆ. ನನಗೆ ಮಾತ್ರ ಹಿಂದಕ್ಕೆ ಜಾರುವ ಚಾವಣಿಯ ಆ ಕೂಪೆ ಮಾದರಿಯ ಮೇಲೇ ಕಣ್ಣು. ತೆಗೆದುಕೊಳ್ಳಲೇ, ಬೇಡವೇ?" ಕೇಳುವವರ ದನಿಯಲ್ಲಿ ಸ್ವಲ್ಪ ಸಂಕೋಚವಿರುತ್ತದೆ, ಅಂದಕ್ಕೆ ಮರುಳಾಗುವುದು ತಪ್ಪು ಎನ್ನುವಂತೆ.

ಸಂಕೋಚ ಬೇಡ. ತೆಗೆದುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಆದರೆ ಚಾಲಕನ ಸೀಟಿನಲ್ಲಿ ಕೂರುವ ಮೊದಲು ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಿ.

ಕೂಪೆ ಎಂಬ ಫ್ರೆಂಚ್ ಪದದ ಅರ್ಥ ‘ಕತ್ತರಿಸಿದ್ದು’. ಕುದುರೆಗಾಡಿಗಳ ಕಾಲದಲ್ಲಿ ಎದುರುಬದುರಾಗಿ ಎರಡು ಆಸನಗಳಿದ್ದ ಗಾಡಿಯಿಂದ ಒಂದನ್ನು ತೆಗೆದುಹಾಕಿ, ಮುಂದಕ್ಕೆ ಮುಖ ಮಾಡಿದ ಒಂದು ಸಾಲನ್ನಷ್ಟೇ ಉಳಿಸಿಕೊಂಡ ಪುಟ್ಟ ಗಾಡಿಗೆ ಈ ಹೆಸರು ಬಂತು. ಕಾರುಗಳ ಕಾಲದಲ್ಲಿ ಅದು ಎರಡೇ ಬಾಗಿಲಿನ, ತಗ್ಗಾದ ಚಾವಣಿಯ ಗಾಡಿಗೆ ಸಂದಿತು. 2004ರಲ್ಲಿ ಮರ್ಸಿಡಿಸ್ ಸಿಎಲ್‌ಎಸ್ ನಾಲ್ಕು ಬಾಗಿಲಿನ ಕೂಪೆಯಾಗಿ ಬಂತು. 2008ರಲ್ಲಿ ಬಿಎಂಡಬ್ಲ್ಯು ಎಕ್ಸ್6 ಅದೇ ಇಳಿಜಾರನ್ನು ಎಸ್‌ಯುವಿಯ ಬೆನ್ನಿಗೆ ಕೂರಿಸಿತು. ಈಗ ಚಾಲಕನ ತಲೆಯ ಮೇಲಿಂದ ಬಾಲದವರೆಗೆ ಜಾರುವ ಚಾವಣಿಯೊಂದಿದ್ದರೆ ಸಾಕು, ಅದು ಕೂಪೆ. ಆದರೂ ಪದದ ಮೂಲ ಅರ್ಥ ಸುಳ್ಳಾಗಿಲ್ಲ. ಏನನ್ನೋ ಕತ್ತರಿಸದೆ ಇಂದಿಗೂ ಕೂಪೆ ಆಗುವುದಿಲ್ಲ. ಕತ್ತರಿ ಬಿದ್ದದ್ದು ನಿಮಗೆ ಬೇಡದ್ದಕ್ಕೋ, ದಿನವೂ ಬೇಕಾದದ್ದಕ್ಕೋ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಪೆಟ್ರೋಲ್ ಕಾರುಗಳ ಕಾಲದಲ್ಲಿ ಎಸ್‌ಯುವಿ ಕೂಪೆಗಳನ್ನು ನಾನು ಒಪ್ಪುತ್ತಿರಲಿಲ್ಲ. ಜಾಗ ಹೋಯಿತು, ಬಂದದ್ದೇನು ಎಂದು ಕೇಳಿದರೆ ತೋರಿಸಲು ಅಂದದ ಹೊರತು ಹೆಚ್ಚೇನೂ ಇರಲಿಲ್ಲ. ಎಲೆಕ್ಟ್ರಿಕ್ ಕಾರು ನನ್ನ ಅಭಿಪ್ರಾಯವನ್ನು ಬದಲಿಸಿತು. ಕಾರಣ ಗಾಳಿ.

75 ಕಿಲೋವ್ಯಾಟ್ ಅವರ್ (ಅಂದರೆ 75 ಯೂನಿಟ್ ವಿದ್ಯುತ್) ಹಿಡಿಸುವ ಬ್ಯಾಟರಿ ಎಂದರೆ ದೊಡ್ಡದೇ. ಆದರೆ ಅದರಲ್ಲಿ ತುಂಬುವ ಶಕ್ತಿ ಸುಮಾರು ಎಂಟೂವರೆ ಲೀಟರ್ ಪೆಟ್ರೋಲಿನಲ್ಲಿರುವಷ್ಟು ಮಾತ್ರ. ಅಷ್ಟರಲ್ಲೇ ಕಾರು ನಾಲ್ಕು ನೂರು ಕಿಲೋಮೀಟರ್ ದಾಟುತ್ತದೆ ಎಂದರೆ ಮೋಟಾರ್ ಎಷ್ಟು ಕಡಿಮೆ ಪೋಲು ಮಾಡುತ್ತದೆ ಎಂದು ಊಹಿಸಿಕೊಳ್ಳಿ. ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯ ಹೆಚ್ಚಿನ ಪಾಲನ್ನು ಶಾಖವಾಗಿ ಹೊರಚೆಲ್ಲುತ್ತದೆ. ಆ ಚೆಲ್ಲಾಟದ ನಡುವೆ ಗಾಳಿ ಕಸಿದುಕೊಂಡದ್ದು ಕಣ್ಣಿಗೆ ಬೀಳುತ್ತಿರಲಿಲ್ಲ. ಮಿತವ್ಯಯಿಯಾದ ಎಲೆಕ್ಟ್ರಿಕ್ ಕಾರಿನಲ್ಲಿ ಹೆದ್ದಾರಿ ಹಿಡಿದ ಕೂಡಲೇ ಅತಿ ದೊಡ್ಡ ಖರ್ಚು ಗಾಳಿಯದ್ದೇ ಆಗುತ್ತದೆ.

ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ಗಾಳಿಯ ಎಳೆತದ ಗುಣಾಂಕ (ಕಾರಿನ ಆಕಾರ ಗಾಳಿಗೆ ಎಷ್ಟು ಅಡ್ಡಿ ಎಂಬುದರ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 0.30 ಇರುವ, ಎದುರಿನಿಂದ 2.6 ಚದರ ಮೀಟರ್ ಅಗಲಿಸಿ ನಿಂತ ಎತ್ತರದ ಗಾಡಿಯೊಂದು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನೂರು ಕಿಲೋಮೀಟರ್ ಹೋದರೆ, ಗಾಳಿಯನ್ನು ಸೀಳುವುದಕ್ಕೇ ಸುಮಾರು 10 ಕಿಲೋವ್ಯಾಟ್ ಅವರ್ ಬೇಕು. ಗುಣಾಂಕ 0.23, ಎದುರಿನ ವಿಸ್ತೀರ್ಣ 2.2 ಚದರ ಮೀಟರ್ ಇರುವ ತಗ್ಗು ಕೂಪೆಗೆ ಆರೂವರೆ ಸಾಕು. ವೇಗವನ್ನು 80ರಿಂದ 120ಕ್ಕೆ ಏರಿಸಿದರೆ ಎಳೆತ ಎರಡು ಪಟ್ಟನ್ನೂ ಮೀರುತ್ತದೆ. ಅಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ.

ಒಂದೇ ತಳಪಾಯದ ಜೋಡಿ ಕಾರುಗಳಲ್ಲೂ ಇದು ಕಾಣುತ್ತದೆ. ಫೋಕ್ಸ್‌ವ್ಯಾಗನ್ ಐಡಿ.4ರ ಗುಣಾಂಕ 0.28. ಅದರ ಕೂಪೆ ರೂಪವಾದ ಐಡಿ.5ರದ್ದು 0.26. ಮೊದಲ ರೂಪದ ಸ್ಕೋಡಾ ಎನ್ಯಾಕ್‌ನದು 0.257, ಅದೇ ಕಾಲದ ಎನ್ಯಾಕ್ ಕೂಪೆಯದು 0.234. ತಳದಿಂದಲೇ ತಗ್ಗಾಗಿ ರೂಪಿಸಿದ ಕಾರುಗಳು ಇನ್ನೂ ಮುಂದೆ ಹೋಗುತ್ತವೆ. ಪೋರ್ಶೆ ಟೈಕಾನ್‌ದು 0.22, ಹ್ಯುಂಡೈ ಐಯಾನಿಕ್ 6ರದ್ದು 0.21. ಹಾಗಾಗಿ "ಬರೀ ಅಂದಕ್ಕೆ ತೆಗೆದುಕೊಂಡೆಯಾ?" ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ಇಲ್ಲ ಎನ್ನಬಹುದು.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ಇಳಿಜಾರು ಕಂಡ ಮಾತ್ರಕ್ಕೆ ಗಾಳಿ ಒಪ್ಪುವುದಿಲ್ಲ. ಅದು ಮೈಗೆ ಅಂಟಿಕೊಂಡೇ ಹಿಂದಕ್ಕೆ ಜಾರಬೇಕಾದರೆ ಇಳಿತ ಮೆಲ್ಲಗಿರಬೇಕು. ಕಡಿದಾದರೆ ಗಾಳಿ ಚಾವಣಿಯನ್ನು ಬಿಟ್ಟು ಸುಳಿಯಾಗಿ ಕಾರನ್ನು ಹಿಂದಕ್ಕೆಳೆಯುತ್ತದೆ. ಮೆಲ್ಲಗಿನ ಇಳಿತಕ್ಕೆ ಉದ್ದ ಬಾಲ ಬೇಕು, ಅಷ್ಟು ಉದ್ದದ ಕಾರನ್ನು ನಿಲ್ಲಿಸುವುದೆಲ್ಲಿ? 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್ ಇದಕ್ಕೊಂದು ದಾರಿ ಕಂಡುಕೊಂಡರು. ಬಾಲವನ್ನು ಒಂದು ಹಂತದವರೆಗೆ ಸಪೂರ ಮಾಡಿ, ಅಲ್ಲಿ ನೇರವಾಗಿ ಕತ್ತರಿಸಿಬಿಟ್ಟರೂ ಗಾಳಿ ಹೆಚ್ಚುಕಡಿಮೆ ಪೂರ್ತಿ ಬಾಲವಿದ್ದಂತೆಯೇ ಹರಿಯುತ್ತದೆ. ಇಂದಿನ ಕೂಪೆಗಳ ಎತ್ತರದ, ಥಟ್ಟನೆ ಮುಗಿಯುವ ಹಿಂಭಾಗ ಮತ್ತು ಅದರ ಅಂಚಿನ ತುಟಿ ಆ ವಿಚಾರದ ಸಂತಾನ. ಕತ್ತರಿ ಸರಿಯಾದ ಜಾಗದಲ್ಲಿ ಬಿದ್ದದ್ದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಕತ್ತರಿ ನೋವು ಕೊಡುವುದು ಹಿಂದಿನ ಸೀಟಿನಲ್ಲಿ.

ತಲೆ ತಾಗುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ, ತೊಡೆಯನ್ನು ಯಾರೂ ನೋಡುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಕಾಲಡಿಯಲ್ಲಿ ಮಲಗಿರುತ್ತದೆ, ಅದರಿಂದ ನೆಲವೇ ಮೇಲಕ್ಕೇರುತ್ತದೆ. ಕೂಪೆಯಲ್ಲಿ ಚಾವಣಿ ಕೆಳಗಿಳಿಯುತ್ತದೆ. ತಲೆಗೆ ಜಾಗ ಮಾಡಲು ಸೀಟನ್ನು ತಗ್ಗಿಸುತ್ತಾರೆ. ಕೊನೆಗೆ ಹಿಂದೆ ಕುಳಿತವರ ಮೊಣಕಾಲು ಮೇಲೆದ್ದು, ತೊಡೆ ಸೀಟಿನಿಂದ ಎದ್ದುಕೊಂಡು, ಮೈಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಹತ್ತು ನಿಮಿಷ ಏನೂ ಅನ್ನಿಸುವುದಿಲ್ಲ. ಒಂದು ಗಂಟೆಯಾದ ಮೇಲೆ ಗೊತ್ತಾಗುತ್ತದೆ. ಪೋರ್ಶೆಯ ಎಂಜಿನಿಯರುಗಳು ಟೈಕಾನ್‌ನಲ್ಲಿ ಹಿಂದೆ ಕೂರುವವರ ಪಾದಗಳಿಗೆಂದೇ ಬ್ಯಾಟರಿಯಲ್ಲಿ ಹಳ್ಳ ಬಿಟ್ಟರು. ಅಷ್ಟು ಜಾಗದ ಬ್ಯಾಟರಿಯನ್ನು ಬಿಟ್ಟುಕೊಟ್ಟು ಪಾದಕ್ಕೆ ನೆಲೆ ಕೊಟ್ಟದ್ದು ನನಗೆ ಆ ಕಾರಿನ ವೇಗಕ್ಕಿಂತ ದೊಡ್ಡ ಸಂಗತಿ.

ನನ್ನ ಸ್ನೇಹಿತರೊಬ್ಬರು ತಗ್ಗಾದ, ಬಹಳ ಸುಂದರವಾದ ಕೂಪೆಯೊಂದನ್ನು ಕೊಂಡರು. ಟೆಸ್ಟ್ ಡ್ರೈವ್‌ಗೆ ಅವರೊಬ್ಬರೇ ಹೋಗಿದ್ದರು. ಅವರ ತಾಯಿಗೆ ಮೊಣಕಾಲು ನೋವು. ಬಾಗಿ, ತಲೆ ತಗ್ಗಿಸಿ, ಕುಸಿದಂತೆ ಕೂರಬೇಕು. ಇಳಿಯುವಾಗ ಬಾಗಿಲ ಚೌಕಟ್ಟನ್ನು ಹಿಡಿದು ಮೇಲೇಳಬೇಕು. ತಾಯಿ ಒಂದು ಸಲವೂ ದೂರಲಿಲ್ಲ. ಎರಡು ತಿಂಗಳಾದ ಮೇಲೆ "ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ" ಎನ್ನತೊಡಗಿದರು, ಅಷ್ಟೇ. ಸ್ನೇಹಿತರಿಗೆ ಕಾರಣ ಹೊಳೆಯಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಆ ಮಾತನ್ನು ನನಗೆ ಹೇಳುವಾಗ ಅವರ ಕಣ್ಣು ತೇವವಾಗಿತ್ತು. ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನೂ ಎಲ್ಲರಿಗಿಂತ ಹಿರಿಯರನ್ನೂ ಕರೆದುಕೊಂಡು ಹೋಗಿ. ಕಾರನ್ನು ಬೇರೆ ಯಾರಾದರೂ ಓಡಿಸಲಿ. ಹಿಂದೆ ಇಪ್ಪತ್ತು ನಿಮಿಷ ಅವರೊಂದಿಗೆ ನೀವೂ ಕುಳಿತುಕೊಳ್ಳಿ. ಮಗುವಿನ ಸೀಟು ಕಟ್ಟುವವರಾದರೆ ಆ ಸೀಟನ್ನೂ ಒಯ್ದು, ತಗ್ಗು ಚಾವಣಿಯ ಕೆಳಗೆ ಬಗ್ಗಿ ಬೆಲ್ಟ್ ಬಿಗಿದು ನೋಡಿ.

ಮೊಣಕಾಲು ನೋವಿನವರು ಮನೆಯಲ್ಲಿದ್ದರೆ ತಗ್ಗು ಕೂಪೆಯನ್ನು ಬಿಟ್ಟು ಎಸ್‌ಯುವಿ ಕೂಪೆಯನ್ನು ನೋಡುವುದು ಒಳ್ಳೆಯದು. ಟಾಟಾ ಕರ್ವ್, ಮಹೀಂದ್ರಾ ಬಿಇ 6, ವೋಲ್ವೋ ಸಿ40 (2024ರಲ್ಲಿ ಇದರ ಹೆಸರು ಇಸಿ40 ಆಯಿತು) ಈ ಬಗೆಯವು. ಗಾಳಿಯ ಲಾಭ ಸ್ವಲ್ಪ ಕಡಿಮೆಯಾದರೂ ಸೀಟಿನ ಎತ್ತರ ಉಳಿಯುತ್ತದೆ, ಜಾರಿಕೊಂಡು ಕೂರಬಹುದು. ನಾನು ಮೊದಲು ಒಪ್ಪದಿದ್ದ ಈ ವರ್ಗಕ್ಕೂ ತನ್ನದೇ ನ್ಯಾಯವಿದೆ ಎಂಬುದು ನನಗೆ ಅರ್ಥವಾದದ್ದು ಹೀಗೆ.

ಹಿಂದಿನ ಗಾಜಿನ ಮಾತು. ಇಳಿಜಾರು ಹೆಚ್ಚಿದಂತೆ ಕನ್ನಡಿಯಲ್ಲಿ ಕಾಣುವ ನೋಟ ಅಂಚೆ ಪೆಟ್ಟಿಗೆಯ ಬಾಯಿಯಷ್ಟಾಗುತ್ತದೆ. ಪೋಲ್‌ಸ್ಟಾರ್ 4ರಲ್ಲಂತೂ ಹಿಂಗಾಜೇ ಇಲ್ಲ. ಕ್ಯಾಮೆರಾ ಹಿಡಿದ ಚಿತ್ರ ಒಳಗಿನ ಕನ್ನಡಿಯ ಜಾಗದಲ್ಲಿ ಮೂಡುತ್ತದೆ, ಹಿಂದೆ ಕುಳಿತವರಿಗೆ ತಲೆಯ ಜಾಗವೂ ಹೆಚ್ಚುತ್ತದೆ. ಜಾಣ ಉಪಾಯ. ಆದರೆ ಸಾದಾ ಕನ್ನಡಿಯಲ್ಲಿ ಕಣ್ಣು ದೂರವನ್ನೇ ನೋಡುತ್ತಿರುತ್ತದೆ, ಪರದೆಯಾದರೆ ರಸ್ತೆಯಿಂದ ಹತ್ತಿರಕ್ಕೆ ನೋಟವನ್ನು ಹೊಂದಿಸಿಕೊಳ್ಳಬೇಕು. ಹತ್ತಿರದ ಓದಿಗೆ ಕನ್ನಡಕ ಬೇಕಾದ ವಯಸ್ಸಿನವರಿಗೆ ಇದು ಕಷ್ಟ. ರಾತ್ರಿ ಹೊತ್ತು ಓಡಿಸಿ ನೋಡದೆ ಒಪ್ಪಬೇಡಿ.

ಇನ್ನು ಎಲ್ಲರೂ ಕೇಳುವ ವೇಗ: ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು? ಈ ಅಂಕಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಎಲೆಕ್ಟ್ರಿಕ್ ಮೋಟಾರ್ ನಿಂತ ಜಾಗದಿಂದಲೇ ತನ್ನ ಪೂರ್ಣ ತಿರುಗುಬಲವನ್ನು ಕೊಡುತ್ತದೆ, ಆದ್ದರಿಂದ ಸಾಧಾರಣ ಎಲೆಕ್ಟ್ರಿಕ್ ಕಾರು ಕೂಡ ಸಿಗ್ನಲ್‌ನಲ್ಲಿ ಚಿಮ್ಮುತ್ತದೆ. ಎಲ್ಲರಲ್ಲೂ ಇರುವ ಗುಣ ಯಾರನ್ನೂ ಪ್ರತ್ಯೇಕಿಸದು. ಆ ಚಿಮ್ಮುವಿಕೆಯ ಸುಖ ಕೆಲವು ವಾರಗಳದ್ದು. ಅದರ ಮೇಲೆ ಬ್ಯಾಟರಿಯ ಚಾರ್ಜ್ ಮುಗಿಯುತ್ತಿರುವಾಗ, ತಣ್ಣಗಿರುವಾಗ, ಸತತ ಓಟದಿಂದ ಬಿಸಿಯಾದಾಗ ಕಾರು ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಶೋರೂಮಿನವರು ತುಂಬಿದ ಬ್ಯಾಟರಿಯ ಕಾರನ್ನು ಕೊಡುತ್ತಾರೆ. ಸಾಧ್ಯವಾದರೆ ಇಪ್ಪತ್ತು ಶೇಕಡಾ ಚಾರ್ಜ್ ಇರುವ ಕಾರನ್ನೂ ಓಡಿಸಿ ನೋಡಿ.

ಸ್ಪೋರ್ಟಿ ಎನ್ನುವುದು ನನಗೆ ತಿಳಿಯುವುದು ತಿರುವಿನಲ್ಲಿ. ಬ್ಯಾಟರಿ ತಳದಲ್ಲಿರುವುದರಿಂದ ಗುರುತ್ವ ಕೇಂದ್ರ ನೆಲಕ್ಕೆ ಹತ್ತಿರ, ಕಾರು ಹೆಚ್ಚು ವಾಲುವುದಿಲ್ಲ. ಇದು ವರವೂ ಹೌದು, ಮರೆಮಾಚುವ ಪರದೆಯೂ ಹೌದು. ಮೈ ಹೆಚ್ಚು ವಾಲದ ಕಾರಣ ತೂಕ ನಮ್ಮ ಅರಿವಿಗೆ ಬರುವುದಿಲ್ಲ, ಆದರೆ ಟೈರಿಗೆ ಅದು ಚೆನ್ನಾಗಿ ಗೊತ್ತು. 2200 ಕಿಲೋ ತೂಕದ ಕಾರು 100ರ ವೇಗದಲ್ಲಿ ಹೊತ್ತ ಚಲನಶಕ್ತಿ 1400 ಕಿಲೋ ಕಾರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು. ನಿಲ್ಲಿಸುವಾಗ ಅಷ್ಟನ್ನೂ ಯಾರಾದರೂ ಹೀರಿಕೊಳ್ಳಬೇಕಲ್ಲ? ಮೋಟಾರ್ ಒಂದಿಷ್ಟನ್ನು ವಿದ್ಯುತ್ತಾಗಿ ಹಿಂದಕ್ಕೆ ಪಡೆಯುತ್ತದೆ, ಉಳಿದದ್ದು ಬ್ರೇಕಿನ ಪಾಲು. ಈ ಎರಡರ ನಡುವಿನ ಕೈಬದಲು ನಿಮ್ಮ ಪಾದಕ್ಕೆ ಗೊತ್ತಾಗಬಾರದು. ಪೆಡಲ್ ಒಮ್ಮೆ ಮೆತ್ತಗೆ ಒಮ್ಮೆ ಗಡಸಾಗಿ ಸಿಕ್ಕರೆ, ನಿಲ್ಲುವ ಕೊನೆಯ ಎರಡು ಮೀಟರ್‌ಗಳಲ್ಲಿ ಕಾರು ತಲೆದೂಗಿದರೆ, ಆ ಕಾರಿನ ಹೊರಮೈ ಎಷ್ಟೇ ಚೂಪಾಗಿದ್ದರೂ ಅದು ಸ್ಪೋರ್ಟಿ ಅಲ್ಲ. ನೀವು ದಿನವೂ ಹೋಗುವ ಅತಿ ಕೆಟ್ಟ ರಸ್ತೆಯ ಮೇಲೂ ಒಮ್ಮೆ ನಿಧಾನವಾಗಿ ಹೋಗಿ ಬನ್ನಿ. ತೂಕವನ್ನು ಹಿಡಿದಿಡಲು ಸ್ಪ್ರಿಂಗ್‌ಗಳನ್ನು ಗಟ್ಟಿ ಮಾಡಿರುತ್ತಾರೆ, ನಿಧಾನದಲ್ಲೇ ಅದರ ಬಣ್ಣ ಬಯಲಾಗುವುದು.

ಚಾರ್ಜಿಂಗ್ ವಿಷಯದಲ್ಲಿ ಕೂಪೆಗೆ ಬೇರೆ ಶಾಸ್ತ್ರವಿಲ್ಲ. ಐಯಾನಿಕ್ 6ರಂತಹ 800 ವೋಲ್ಟ್ ಕಾರು ತಕ್ಕ ಬಲದ ಚಾರ್ಜರ್ ಸಿಕ್ಕರೆ 10ರಿಂದ 80 ಶೇಕಡಾಕ್ಕೆ 18 ನಿಮಿಷದಲ್ಲಿ ಏರುತ್ತದೆ. ನಿಮ್ಮ ದಾರಿಯಲ್ಲಿ ಅಂತಹ ಚಾರ್ಜರ್ ಇಲ್ಲದಿದ್ದರೆ ಆ ಸಾಮರ್ಥ್ಯ ಸುಮ್ಮನೆ ಮಲಗಿರುತ್ತದೆ.

ಚಕ್ರದ ಬಗ್ಗೆ ಮಾತ್ರ ನನ್ನದು ಗಟ್ಟಿ ಅಭಿಪ್ರಾಯ. ಚಿತ್ರಗಳಲ್ಲಿ ಕೂಪೆಗೆ ಯಾವಾಗಲೂ ದೊಡ್ಡ ಚಕ್ರ ತೊಡಿಸಿರುತ್ತಾರೆ. ಹಿಂಚಕ್ರ ಚಾಲನೆಯ, 77.4 ಕಿಲೋವ್ಯಾಟ್ ಅವರ್ ಬ್ಯಾಟರಿಯ ಐಯಾನಿಕ್ 6ಕ್ಕೆ ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ 18 ಇಂಚಿನ ಚಕ್ರದೊಂದಿಗೆ ಒಂದು ಚಾರ್ಜಿಗೆ 614 ಕಿಲೋಮೀಟರ್ ಸಿಕ್ಕಿತು. 20 ಇಂಚಿನ ಚಕ್ರ ಹಾಕಿದಾಗ 545. ಎಂಜಿನಿಯರುಗಳು ಚಾವಣಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಇಳಿಸಿ, ಬಾಲವನ್ನು ತಿದ್ದಿ, ಹಿಂದೆ ಕೂರುವವರ ತಲೆಯ ಜಾಗವನ್ನು ಬೇಡಿ ಪಡೆದು ಗಳಿಸಿದ್ದನ್ನು ಎರಡು ಇಂಚಿನ ಅಲಂಕಾರಕ್ಕೆ ಸುರಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದೊಡ್ಡ ಚಕ್ರದಲ್ಲಿ ಟೈರಿನ ಪಕ್ಕೆ ತೆಳುವಾಗುವುದರಿಂದ ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೇ ಬೀಳುತ್ತದೆ.

"ಹಾಗಾದರೆ ನೀವಾದರೆ ಯಾವುದನ್ನು ಆರಿಸುತ್ತೀರಿ?" ಎಂದು ಕೊನೆಗೆ ಕೇಳುತ್ತಾರೆ. ಹಿಂಚಕ್ರಗಳನ್ನು ತಿರುಗಿಸುವ ಒಂದೇ ಮೋಟಾರ್ ನನಗೆ ಸಾಕು. ಎರಡನೆಯ ಮೋಟಾರ್ ಮುಂದೆ ಬಂದರೆ ತೂಕ ಏರುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ಹಿಮದ ಅಥವಾ ಕೆಸರಿನ ದಾರಿಯವರಿಗೆ ಅದು ಬೇಕು, ನನಗೆ ಬೇಡ. ಮುಂದಿನ ಚಕ್ರಗಳಿಗೆ ತಿರುಗುವ ಕೆಲಸವೊಂದೇ ಉಳಿದಾಗ ಸ್ಟಿಯರಿಂಗ್ ಅಂಗೈಯಲ್ಲಿ ತಿಳಿಯಾಗಿರುತ್ತದೆ. ಇರುವುದರಲ್ಲೇ ಚಿಕ್ಕ ಚಕ್ರ. ಸಾದಾ ಹಿಂಗಾಜು. ಹಿಂದಿನ ಸೀಟನ್ನು ಆರಿಸುವ ಹಕ್ಕನ್ನು ನನ್ನ ಅಮ್ಮನಿಗೆ ಬಿಟ್ಟಿದ್ದೇನೆ. ಇದುವರೆಗೆ ಮೂರು ಕಾರುಗಳಲ್ಲಿ ಕುಳಿತು ನೋಡಿದ್ದಾರೆ, ಎರಡನ್ನು ಬೇಡ ಎಂದಿದ್ದಾರೆ.