ಗ್ಯಾರೇಜ್ ಸೇಲ್‌ಗೆ ಹೊರಡುವ ಮೊದಲು ಮನೆ ಅಳೆಯಿರಿ

ಗ್ಯಾರೇಜ್ ಸೇಲ್ ಎಂದರೆ ಮನೆಯವರು ತಮಗೆ ಬೇಡವಾದ ಹಳೆಯ ಸಾಮಾನನ್ನು ಮನೆಯ ಮುಂದೆಯೇ ಇಟ್ಟು ಅಗ್ಗಕ್ಕೆ ಮಾರುವುದು. ಅಲ್ಲಿ ಹೋಗುವ ದುಡ್ಡು ಕಡಿಮೆ, ಹೋಗುವ ಜಾಗ ಜಾಸ್ತಿ. ಅಂಗಡಿಯಲ್ಲಿ ಬೆಲೆಚೀಟಿ ನೋಡಿದ ಕೂಡಲೇ ಕೈ ತಾನಾಗಿ ಹಿಂದೆ ಬರುತ್ತದೆ. ಇಲ್ಲಿ ಆ ತಡೆ ಇರುವುದಿಲ್ಲ. ‘ಇಷ್ಟೇನಾ? ಇರಲಿ ಬಿಡು’ ಎಂದು ತಂದ ಹತ್ತು ಸಾಮಾನು ಸೇರಿದರೆ ಅರ್ಧ ಕಪಾಟು ತುಂಬುತ್ತದೆ. ಹಾಗಾಗಿ ಏನು ಬೇಕು ಎಂಬುದು ಮನೆಯಲ್ಲೇ ತೀರ್ಮಾನವಾಗಬೇಕು. ಸೇಲ್‌ನಲ್ಲಿ ಮಾಡಬೇಕಾದದ್ದು ಪರೀಕ್ಷೆ ಮಾತ್ರ.

ಪಟ್ಟಿಯಲ್ಲಿ ‘ಒಂದು ಶೆಲ್ಫ್’ ಎಂದು ಬರೆದರೆ ಏನೂ ಬರೆಯದಂತೆಯೇ. ‘ಹಾಲ್‌ನ ಕಿಟಕಿ ಪಕ್ಕ, ಅಗಲ 60 ಸೆಂ.ಮೀ., ಆಳ 30 ಸೆಂ.ಮೀ. ಮೀರಬಾರದು’ ಎಂದು ಬರೆಯಿರಿ. ಆ ಜಾಗದ ಫೋಟೊ ಫೋನಿನಲ್ಲಿರಲಿ. ದೊಡ್ಡ ಸಾಮಾನು ತರುವುದಿದ್ದರೆ ಬಾಗಿಲು, ಮೆಟ್ಟಿಲ ತಿರುವು, ಲಿಫ್ಟ್ ಇವುಗಳ ಅಳತೆಯೂ ಬೇಕು. ಬಾಗಿಲನ್ನು ಪೂರ್ತಿ ತೆರೆದು, ನಿಜವಾಗಿ ಖಾಲಿ ಉಳಿಯುವ ಅಗಲವನ್ನೇ ಅಳೆಯಿರಿ, ಏಕೆಂದರೆ ತೆರೆದ ಬಾಗಿಲೂ ಒಂದಷ್ಟು ಜಾಗ ತಿನ್ನುತ್ತದೆ. ಸೋಫಾ ಒಳಗೆ ಬರುತ್ತದೋ ಇಲ್ಲವೋ ಎಂಬುದನ್ನು ಅದರ ಉದ್ದ ಹೇಳುವುದಿಲ್ಲ. ಆಳ, ಎತ್ತರ ಎರಡರಲ್ಲಿ ಯಾವುದು ಚಿಕ್ಕದೋ ಅದು ಆ ಖಾಲಿ ಅಗಲಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮಗ್ಗುಲಾಗಿಸಿ ತರಬಹುದು.

ಇನ್ನೊಂದು ಚಿಕ್ಕ ಪಟ್ಟಿ ಬೇಡದವುಗಳದ್ದು: ಮಗ್ಗು, ಬುಟ್ಟಿ, ಫೋಟೊ ಫ್ರೇಮು, ಡಬ್ಬಿ, ಹೀಗೆ ಮನೆಯಲ್ಲಿ ಈಗಾಗಲೇ ಹೆಚ್ಚಾಗಿರುವುದೆಲ್ಲ. ಇವುಗಳಲ್ಲಿ ಡಬ್ಬಿಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಸಾಮಾನು ಜೋಡಿಸಿಡಲು ಎಂದು ಡಬ್ಬಿ ತರುತ್ತೇವೆ, ಆಮೇಲೆ ಡಬ್ಬಿ ಖಾಲಿ ಇದೆಯಲ್ಲ ಎಂದು ಸಾಮಾನು ತರುತ್ತೇವೆ.

ಚೀಲದಲ್ಲಿ ಅಳತೆ ಟೇಪು, ಟಾರ್ಚು, ಎರಡು ಅಳತೆಯ ಸೆಲ್ಲು (ಎಎ, ಎಎಎ), ಒಂದು ಚಿಕ್ಕ ಆಯಸ್ಕಾಂತ, ಚಿಲ್ಲರೆ ನೋಟು ಇರಲಿ. ಆಯಸ್ಕಾಂತ ಎರಡು ಕೆಲಸಕ್ಕೆ ಬರುತ್ತದೆ. ಹಿತ್ತಾಳೆ ಎನ್ನುವ ದೀಪಕ್ಕೆ ಅದು ಅಂಟಿದರೆ ಒಳಗಿರುವುದು ಕಬ್ಬಿಣ, ಮೇಲಿನದು ಬರೀ ಲೇಪ. ಪಾತ್ರೆಯ ತಳಕ್ಕೆ ಗಟ್ಟಿಯಾಗಿ ಅಂಟಿದರೆ ಇಂಡಕ್ಷನ್ ಒಲೆಗೆ ಆಗುತ್ತದೆ.

ಮೆತ್ತೆ ಇರುವ ಯಾವುದೇ ಸಾಮಾನಿನಲ್ಲಿ ಮೊದಲು ಹುಡುಕಬೇಕಾದದ್ದು ತಿಗಣೆ. ಬಟ್ಟೆಯ ಬಣ್ಣ, ವಿನ್ಯಾಸ ಎಲ್ಲ ಆಮೇಲೆ. ಸೋಫಾವನ್ನು ಬೋರಲು ಹಾಕಿ, ತಳದ ತೆಳು ಬಟ್ಟೆಯ ಅಂಚು, ಹೊಲಿಗೆಯ ಸಾಲು, ಮರ ಮರ ಸೇರುವ ಸಂದು, ಸ್ಕ್ರೂ ತೂತು ಎಲ್ಲಕ್ಕೂ ಟಾರ್ಚ್ ಬಿಡಿ. ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಹೊಲಿಗೆಯ ಉದ್ದಕ್ಕೂ ಎಳೆದರೆ ಅಡಗಿದ್ದು ಹೊರಬರುತ್ತದೆ. ಬೆಳೆದ ತಿಗಣೆ ಸುಮಾರು 5 ಮಿ.ಮೀ., ಮೊಟ್ಟೆ ಸುಮಾರು 1 ಮಿ.ಮೀ. ಹುಳವೇ ಕಾಣದಿದ್ದರೂ ಶಾಯಿ ತಾಗಿದಂಥ ಕಪ್ಪು ಚುಕ್ಕೆ, ಕಳಚಿದ ತೆಳು ಹೊಟ್ಟು ಕಂಡರೆ ಅಷ್ಟೇ ಸಾಕು, ಬಿಟ್ಟು ಬನ್ನಿ. ‘ಎಷ್ಟೋ ದಿನದಿಂದ ಯಾರೂ ಬಳಸಿಲ್ಲ’ ಎಂಬ ಭರವಸೆಯನ್ನು ನಂಬಬೇಡಿ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುವ ಪ್ರಾಣಿ ಅದು. ಹಾಸಿಗೆಯನ್ನಂತೂ ಪರೀಕ್ಷಿಸುವ ಶ್ರಮವೇ ಬೇಡ, ಕೊಳ್ಳಲೇಬೇಡಿ.

ಮರದ ಸಾಮಾನಿನಲ್ಲಿ ಡ್ರಾಯರ್ ಪೂರ್ತಿ ಹೊರಗೆಳೆದು ಮೂಲೆ ನೋಡಿ. ಹಲ್ಲು ಹಲ್ಲಾಗಿ ಕೂಡಿಸಿದ್ದರೆ ದುಡ್ಡು ಕೊಡಬಹುದು. ಸ್ಟೇಪಲ್ ಪಿನ್ ಹೊಡೆದಿದ್ದರೆ ಯೋಚಿಸಿ. ಪಾರ್ಟಿಕಲ್ ಬೋರ್ಡ್ (ಮರದ ಚೂರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಆದರೆ ನೆಲಕ್ಕೆ ತಾಗುವ ಅಂಚು ಮುಟ್ಟಿ ನೋಡಿ. ಉಬ್ಬಿದ್ದರೆ ನೀರು ಕುಡಿದಿದೆ ಎಂದರ್ಥ. ಅದು ಮತ್ತೆ ಮೊದಲಿನಂತಾಗುವುದಿಲ್ಲ, ಅಲ್ಲಿ ಸ್ಕ್ರೂ ಕೂಡ ಹಿಡಿಯುವುದಿಲ್ಲ. 1ರಿಂದ 3 ಮಿ.ಮೀ. ಗುಂಡು ತೂತುಗಳಿದ್ದರೆ ಬೆರಳಿನಿಂದ ಬಡಿಯಿರಿ: ಹಿಟ್ಟಿನಂಥ ಪುಡಿ ಉದುರಿದರೆ ಕೊರೆಹುಳ ಇನ್ನೂ ಒಳಗಿರುವ ಸಂಭವ ಹೆಚ್ಚು. ಕುರ್ಚಿ ಅಲ್ಲಾಡಿದರೆ ಅದನ್ನು ಅಲ್ಲೇ ಕಾಲು ಭಾಗ ಸುತ್ತು (90 ಡಿಗ್ರಿ) ತಿರುಗಿಸಿ ಇಟ್ಟು ನೋಡಿ. ಅಲ್ಲಾಟ ನಿಂತರೆ ನೆಲ ಏರುತಗ್ಗು, ಮುಂದುವರಿದರೆ ಕುರ್ಚಿಯ ಕೀಲು ಸಡಿಲ ಅಥವಾ ಕಾಲು ಗಿಡ್ಡ ಇರಬಹುದು.

ವಿದ್ಯುತ್ ಉಪಕರಣವನ್ನು ಪ್ಲಗ್ ಹಾಕಿ ಓಡಿಸದೆ ತರಬೇಡಿ. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು ಅದರ ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಕತೆ ಮುಗಿಯಿತು. ಫ್ರಿಜ್ ತಣ್ಣಗಾಗಲು ಗಂಟೆಗಳೇ ಬೇಕು, ಆದ್ದರಿಂದ ನೀವು ಹೋದಾಗಲೇ ಅದು ಓಡುತ್ತಾ ತಣ್ಣಗಿರಬೇಕು. ಸೆಲ್ಲಿನ ಗೂಡಿನಲ್ಲಿ ಬಿಳಿ ಪುಡಿ ಸ್ವಲ್ಪವಿದ್ದರೆ ವಿನೆಗರ್ ತಾಗಿಸಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆ, ತಗಡೇ ತಿಂದುಹೋಗಿದ್ದರೆ ಬೇಡ. ಮಾಡೆಲ್ ನಂಬರನ್ನು ಅಲ್ಲೇ ಫೋನಿನಲ್ಲಿ ಹುಡುಕಿ, ಬಿಡಿಭಾಗ ಇನ್ನೂ ಸಿಗುತ್ತದೆಯೇ ನೋಡಿ.

ಎರಕದ ಕಬ್ಬಿಣದ ಬಾಣಲೆ ತುಕ್ಕು ಹಿಡಿದಿದ್ದರೆ ಹೆದರಬೇಕಿಲ್ಲ, ಉಜ್ಜಿ ಎಣ್ಣೆ ಸವರಿ ಕಾಯಿಸಿದರೆ ಮತ್ತೆ ಪಳಗುತ್ತದೆ. ಸೀಳು ಬಿಟ್ಟಿದ್ದರೆ ಮಾತ್ರ ಏನೂ ಮಾಡಲಾಗದು. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ನುಡಿಯದೆ ಮಂಕು ಸದ್ದು ಬಂದರೆ ಸೀಳಿದೆಯೇ ಎಂದು ಹುಡುಕಿ. ಗಾಜಿನ ಲೋಟದ ಅಂಚಿನ ಸುತ್ತ ಉಗುರು ಆಡಿಸಿ, ಕಣ್ಣಿಗೆ ಕಾಣದ ಮುಕ್ಕು ಉಗುರಿಗೆ ಸಿಗುತ್ತದೆ.

ಹೆಲ್ಮೆಟ್ ಮತ್ತು ಮಕ್ಕಳ ಕಾರ್ ಸೀಟನ್ನು ಎಷ್ಟೇ ಹೊಸದಾಗಿ ಕಂಡರೂ ತರಬೇಡಿ. ಒಮ್ಮೆ ಅಪಘಾತದ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಫೋಮ್ ಜಜ್ಜಿಹೋಗಿರುತ್ತದೆ, ಹೊರಗಿನಿಂದ ಅದು ತಿಳಿಯುವುದಿಲ್ಲ. ಮಗುವಿನ ಮಂಚದ ಪಟ್ಟಿಗಳ ನಡುವಿನ ಸಂದು 6 ಸೆಂ.ಮೀ. ಮೀರಿದ್ದರೆ, ಅಥವಾ ಅದರ ಒಂದು ಬದಿ ಕೆಳಗೆ ಜಾರುವಂಥದ್ದಾದರೆ, ಅದನ್ನೂ ಬಿಟ್ಟುಬಿಡಿ.

ಚೌಕಾಸಿ ಒಂದೊಂದಕ್ಕೇ ಬೇಡ, ಎಲ್ಲ ಆರಿಸಿ ಒಟ್ಟಿಗೆ ಕೇಳಿ. ಸಂಜೆ ಹೊತ್ತಿಗೆ ಮಾರುವವರಿಗೆ ಉಳಿದದ್ದನ್ನು ಮತ್ತೆ ಒಳಗೆ ಹೊರುವ ಚಿಂತೆ, ಬೆಲೆ ಸಲೀಸಾಗಿ ಇಳಿಯುತ್ತದೆ. ಒಳ್ಳೆಯ ಮರದ ಸಾಮಾನು ಬೇಕಿದ್ದರೆ ಮಾತ್ರ ಬೆಳಗ್ಗೆಯೇ ಹೋಗಬೇಕು. ದುಡ್ಡು ಕೊಡುವ ಮೊದಲು ಆರಿಸಿದ್ದನ್ನೆಲ್ಲ ಕೆಳಗಿಟ್ಟು, ಒಂದೊಂದೂ ಮನೆಯಲ್ಲಿ ಎಲ್ಲಿ ಕೂರುತ್ತದೆ ಎಂದು ಹೇಳಿಕೊಳ್ಳಿ. ‘ಎಲ್ಲಾದರೂ’ ಎಂಬ ಉತ್ತರ ಬಂದದ್ದನ್ನು ಅಲ್ಲೇ ಬಿಡಿ. ಎಲ್ಲಕ್ಕಿಂತ ಅಪಾಯ ‘ಉಚಿತ’ ಎಂದು ಬರೆದು ಬಿಟ್ಟಿ ಸಾಮಾನು ತುಂಬಿಟ್ಟ ಪೆಟ್ಟಿಗೆ: ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಬುದ್ಧಿ ಕೆರಳುವುದು ಅಲ್ಲಿಯೇ.

ತಂದ ಸಾಮಾನು ನೇರ ಕೋಣೆಗೆ ಹೋಗಬಾರದು. ಬಟ್ಟೆಯನ್ನು ಚೀಲದಿಂದಲೇ ವಾಷಿಂಗ್ ಮೆಷಿನ್‌ಗೆ ಹಾಕಿ, ಬಟ್ಟೆ ತಡೆಯುವಂತಿದ್ದರೆ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಡ್ರೈಯರ್ ಇದ್ದರೆ ಹೆಚ್ಚಿನ ಶಾಖದಲ್ಲಿ 30 ನಿಮಿಷ ಓಡಿಸಿ. ಹೊಸ ಕುರ್ಚಿ ಬಂದ ದಿನವೇ ಹಳೆಯದು ಹೊರಗೆ ಹೋಗಲಿ, ‘ಆಮೇಲೆ ಕೊಡೋಣ’ ಎಂದರೆ ಎರಡೂ ಉಳಿಯುತ್ತವೆ. ರಿಪೇರಿ ಸಾಮಾನು ಒಂದು ಸಲಕ್ಕೆ ಒಂದೇ ಇರಲಿ. ತಂದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅದಕ್ಕೇ ಅಂಟಿಸಿ. 30 ದಿನದಲ್ಲಿ ಅದರ ಮೇಲೆ ಸ್ಕ್ರೂಡ್ರೈವರ್ ಆಡದಿದ್ದರೆ ಆ ಚೀಟಿ ಕಿತ್ತು ಬೆಲೆಚೀಟಿ ಅಂಟಿಸಿ, ಮುಂದಿನ ಸೇಲ್ ನಿಮ್ಮದೇ.