ಎಂ.ಎಸ್. ಬ್ಲೂ ನೋಡಬೇಕಾದರೆ ಬಾಗಿಲಿಗೆ ಬನ್ನಿ

"ಅಣ್ಣಾ, ಎಂ.ಎಸ್. ಬ್ಲೂ ಇದ್ರೆ ತೆಗೀರಿ."

ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಮದುವೆ ಸೀಸನ್‌ನಲ್ಲಿ ಈ ಮಾತು ಕೇಳದ ದಿನವಿಲ್ಲ. ಹೋದ ವಾರ ಬಂದ ಹುಡುಗಿಗೆ ಮಾತ್ರ ಎಂ.ಎಸ್. ಅಂದರೆ ಯಾರೆಂದು ಗೊತ್ತಿರಲಿಲ್ಲ. ಸುಬ್ಬುಲಕ್ಷ್ಮಿ ಅಮ್ಮ ಅಂದೆ. "ಓ, ಸುಪ್ರಭಾತದವರಾ!" ಅಂದಳು.

ಅವರಿಗೆಂದೇ ಆ ಬಣ್ಣ ನೇಯಿಸಿಕೊಟ್ಟವರು ಕಾಂಚೀಪುರದ ಮುತ್ತು ಚೆಟ್ಟಿಯಾರ್. ಟ್ಯೂಬ್‌ಲೈಟಿನಡಿ ಅದು ಕಪ್ಪಿಗೇ ಹತ್ತಿರ. ಅದಕ್ಕೇ ನಾನು ಮಡಿಕೆ ಬಿಚ್ಚಿ ಸೆರಗನ್ನು ಬಾಗಿಲ ಹತ್ತಿರ ಹಿಡಿಯುತ್ತೇನೆ. ಬಿಸಿಲು ತಾಗಿದ ಕಡೆ ಒಡಲಿನ ನೀಲಿ ಮೆಲ್ಲಗೆ ಮೇಲೇಳುತ್ತೆ, ಅಂಚಿನ ಜರಿ ಆಮೇಲೆ ಕಣ್ಣಿಗೆ ಬೀಳುತ್ತೆ. ನವಿಲುಕತ್ತಿನ ಬಣ್ಣದ ಹಾಗೆ ಇದರಲ್ಲಿ ಹಸಿರು ಇಣುಕಲ್ಲ. ಈಗ ಗಾಢ ನೀಲಿ ಕಂಡಿದ್ದಕ್ಕೆಲ್ಲ ಎಂ.ಎಸ್. ಬ್ಲೂ ಅಂತ ಚೀಟಿ ಅಂಟಿಸ್ತಾರೆ. ನನಗೆ ಹೊಟ್ಟೆ ಉರಿಯುತ್ತೆ.

ಎಂ.ಎಸ್. ಹರೆಯದ ಒಂದು ಫೋಟೋ ಇದೆ. ಗೆಳತಿ, ಭರತನಾಟ್ಯ ಕಲಾವಿದೆ ಬಾಲಸರಸ್ವತಿಯ ಜೊತೆ ಪಟ್ಟೆಪಟ್ಟೆ ಪೈಜಾಮ ತೊಟ್ಟು, ಬಾಯಲ್ಲಿ ಸಿಗರೇಟು ಇಟ್ಟು ತೆಗೆಸಿಕೊಂಡದ್ದು, 1930ರ ದಶಕದ್ದು. ಅದನ್ನು ನೋಡಿದ ಮೇಲೆ ನನಗೆ ಅವರ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು. ಎರಡೂ ಕಡೆ ವಜ್ರದ ಮೂಗುತಿ, ಮುಡಿ ತುಂಬ ಮಲ್ಲಿಗೆ, ಕಂಚಿ ಸೀರೆ, ಈ ರೂಪ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. 1966ರಲ್ಲಿ ವಿಶ್ವಸಂಸ್ಥೆಯಲ್ಲಿ ಹಾಡುವ ಹೊತ್ತಿಗೆ ಅದು ಅವರದೇ ಆಗಿಹೋಗಿತ್ತು.

ಅದಾಗಿ ಮೂರೇ ವರ್ಷಕ್ಕೆ, 1969ರಲ್ಲಿ, ಪಾಪ್ ಗಾಯಕಿ ಉಷಾ ಉತ್ತುಪ್ ಮದ್ರಾಸಿನ ನೈಟ್‌ಕ್ಲಬ್ಬಿನಲ್ಲಿ ಸೀರೆ ಉಟ್ಟು ಹಾಡಲು ನಿಂತರು. ಅಂಥ ಕಡೆ ಗೌನ್ ನೋಡಿ ರೂಢಿಯಿದ್ದ ಜನ ಅದು. ಇವತ್ತಿಗೂ ಕಂಚಿ ಸೀರೆಯೇ, ಕಾಲಿಗೆ ಸೀರೆ ಬಟ್ಟೆ ಹೊದಿಸಿದ ಸ್ನೀಕರ್ಸ್, ಹಣೆಯ ದೊಡ್ಡ ಬೊಟ್ಟಿನಲ್ಲಿ ಕೋಲ್ಕತ್ತಾದ ಬಂಗಾಳಿ 'ಕ'. ಒಬ್ಬರು ಕೂತು ಹಾಡಿದರು, ಒಬ್ಬರು ಕುಣಿದು ಹಾಡಿದರು. ಮಗ್ಗ ಅದೇ.

ಹುಡುಗಿ ಎಲ್ಲ ಕೇಳಿಸಿಕೊಂಡು, ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದಳು. ಅವಳಮ್ಮ ರೇಟು ಕೇಳುವುದನ್ನೂ ಮರೆತು ಸುಮ್ಮನೆ ನೋಡುತ್ತಿದ್ದರು.