ಬಾಟಲಿ ಎಲ್ಲಿ ಬಚ್ಚಿಡ್ತಿದ್ರಿ?

ಕುಡಿತ ನಿಲ್ಲಿಸಿ ಹನ್ನೊಂದು ದಿನವಾಗಿತ್ತು. ಹಗಲು ಹೇಗೋ ಕಳೆದುಹೋಗುತ್ತಿತ್ತು. ಸಂಜೆ ಏಳಾಯಿತೆಂದರೆ ಭಯ. ಕೈಗೆ ಕೆಲಸವಿಲ್ಲ, ಕಾಲು ಮಾತ್ರ ಹಳೆ ದಾರಿಗೇ ಎಳೆಯುತ್ತಿತ್ತು.

ಮೊದಲ ವಾರ ಡಾಕ್ಟರ ಉಸ್ತುವಾರಿಯಲ್ಲಿದ್ದೆ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರ್ ಅಂತ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದಂತೆ. ಆಮೇಲೆ ಇಲ್ಲದ್ದೆಲ್ಲ ಕಾಣಿಸಿ, ಜೀವಕ್ಕೇ ಕುತ್ತು ಬರಬಹುದಂತೆ. ಇದು ಗೊತ್ತಿಲ್ಲದೆ ಹಿಂದೊಮ್ಮೆ ರೂಮಿನ ಬಾಗಿಲು ಹಾಕಿಕೊಂಡು ನಾನೇ ಬಿಡೋಕೆ ಹೋಗಿದ್ದೆ. ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ. ಈ ಸಲ ಮಾತ್ರೆ ಕೈನಡುಕ ನಿಲ್ಲಿಸಿತು. ಆದರೆ ಸಂಜೆ ಏಳು ಗಂಟೆಗೆ ಮಾತ್ರೆ ಇರಲಿಲ್ಲ.

‘ನಿಮ್ಮಂಥವರ ಜೊತೆ ಕೂತು ಮಾತಾಡಿ’ ಅಂತ ಡಾಕ್ಟರು ಒಂದು ಚೀಟಿ ಕೊಟ್ಟಿದ್ದರು. ನನ್ನಂಥವರು ಅಂದರೆ ಯಾರು? ಸಿಟ್ಟು ಬಂದಿತ್ತು. ನಾನು ಕೆಲಸಕ್ಕೆ ಹೋಗುತ್ತೇನೆ, ಎಲ್ಲೂ ರಸ್ತೆ ಬದಿ ಬಿದ್ದವನಲ್ಲ, ಅಲ್ವಾ?

ಚೀಟಿಯಲ್ಲಿ ಮೂರು ನಂಬರ್ ಇದ್ದವು. ಮೊದಲನೆಯದು ಚಾಲ್ತಿಯಲ್ಲೇ ಇರಲಿಲ್ಲ. ಎರಡನೆಯವರು ಹೇಳಿದ ಜಾಗಕ್ಕೆ ಹೋದರೆ ಬೀಗ. ಮೀಟಿಂಗ್ ಬೇರೆ ವಾರಕ್ಕೆ ಬದಲಾಗಿತ್ತಂತೆ. ನಿಜ ಹೇಳಬೇಕೆಂದರೆ ಆ ಬೀಗ ನೋಡಿ ಖುಷಿಯಾಯಿತು. ‘ಪ್ರಯತ್ನ ಪಟ್ಟೆ, ಆಗಲಿಲ್ಲ’ ಅಂತ ಮನೆಯಲ್ಲಿ ಹೇಳಲು ಒಂದು ಸಾಕ್ಷಿ ಸಿಕ್ಕಿತ್ತು.

ಮೂರನೇ ನಂಬರ್‌ಗೆ ಫೋನ್ ಮಾಡಿದ್ದು ಆ ಹನ್ನೊಂದನೇ ದಿನ. ಯಾರೋ ವಯಸ್ಸಾದವರ ದನಿ.

‘ಇವತ್ತು ಕುಡಿದಿದ್ದೀರಾ?’

‘ಇಲ್ಲ.’

‘ಒಳ್ಳೇದು. ಕುಡಿದಿದ್ದರೂ ಬನ್ನಿ ಅಂತಲೇ ಹೇಳ್ತಿದ್ದೆ. ಏಳಕ್ಕೆ ಶುರು.’

ಫೀಸ್ ಎಷ್ಟು ಅಂದೆ. ಇಲ್ಲ ಅಂದರು. ಹೆಸರು, ಗುರುತಿನ ಚೀಟಿ? ಬೇಡ. ‘ಕುಡಿಯೋದು ನಿಲ್ಲಿಸಬೇಕು ಅನ್ನೋ ಆಸೆ ಇದ್ಯಾ? ಅದೊಂದೇ ಬೇಕಾಗಿರೋದು.’

ಅದು ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಗುಂಪು. ಹತ್ತು ಹನ್ನೆರಡು ಜನ ಸುತ್ತ ಕೂತಿದ್ದರು. ನಾನು ಬಾಗಿಲ ಪಕ್ಕದ ಕುರ್ಚಿ ಹಿಡಿದೆ, ಓಡಿಹೋಗಲು ಸುಲಭ ಅಂತ. ಒಬ್ಬರು ಮಾತಾಡುವಾಗ ಯಾರೂ ಬಾಯಿ ಹಾಕುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಕುಡಿತ ಬಿಡಲು ಗುಂಪಿನವರು ಪಾಲಿಸುವ ಹನ್ನೆರಡು ಹೆಜ್ಜೆಗಳನ್ನು ಓದಿದರು. ಅದರಲ್ಲಿ ದೇವರ ಮಾತು ಬಂದಾಗ ನನಗೆ ಕಸಿವಿಸಿ. ದೇವರ ಗೊಡವೆಯಿಲ್ಲದ ಸ್ಮಾರ್ಟ್ ರಿಕವರಿಯಂಥ ಗುಂಪುಗಳೂ ಇವೆ ಅಂತ ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಈ ಕುರ್ಚಿ ಅಭ್ಯಾಸವಾಗಿಬಿಟ್ಟಿತ್ತು.

ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರ ಬಗ್ಗೆ ಎಚ್ಚರ ಇರಲಿ ಅಂತ ಯಾರೋ ಹೇಳಿದರು. ಲೆಕ್ಕ ಹಾಕಿದೆ. ಸಂಜೆ ಏಳಕ್ಕೆ ನನ್ನ ಹತ್ತಿರ ನಾಲ್ಕೂ ಇರುತ್ತಿದ್ದವು!

ಆಮೇಲೆ ನನ್ನ ತಾಯಿಯ ವಯಸ್ಸಿನ ಒಬ್ಬ ಹೆಂಗಸು ಮಾತಾಡಿದರು. ಬಾಟಲಿಯನ್ನು ವಾಷಿಂಗ್ ಮಷಿನ್‌ನಲ್ಲಿ ಬಟ್ಟೆ ಕೆಳಗೆ ಇಡುತ್ತಿದ್ದರಂತೆ. ಒಂದು ದಿನ ಮಗಳು ಸ್ವಿಚ್ ಹಾಕಿಬಿಟ್ಟಳಂತೆ. ಇಡೀ ರೂಮು ನಕ್ಕಿತು. ಅವರೂ ನಕ್ಕರು. ನನಗೆ ಗಾಬರಿ. ಇಂಥ ಕಥೆ ನಮ್ಮ ಮನೆಯಲ್ಲಿ ಯಾವತ್ತೂ ನಗುವಿನಲ್ಲಿ ಮುಗಿದಿದ್ದಿಲ್ಲ. ‘ನಾನು ಫ್ಲಶ್ ಟ್ಯಾಂಕಿನಲ್ಲಿ’ ಅಂದ ಇನ್ನೊಬ್ಬ. ‘ಹಳೇ ಬೂಟಿನಲ್ಲಿ’ ಅಂತ ಮತ್ತೊಂದು ದನಿ ಕೇಳಿತು. ಅದು ನನ್ನದೇ.

ಕೊನೆಗೆ ಫೋನಿನಲ್ಲಿ ಮಾತಾಡಿದ್ದ ಆ ವಯಸ್ಸಾದವರು ಎಎ ಶುರು ಮಾಡಿದವರಲ್ಲಿ ಒಬ್ಬನಾದ ಬಿಲ್ ವಿಲ್ಸನ್ ಕಥೆ ಹೇಳಿದರು. 1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ಆತ ವ್ಯಾಪಾರಕ್ಕೆ ಬಂದು ಸೋತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋಟೆಲ್ ಲಾಬಿಯಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ ಚರ್ಚುಗಳಿಗೆ ಫೋನ್ ಮಾಡುತ್ತಾ ಹೋದ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಸರ್ಜನ್. ಹದಿನೈದು ನಿಮಿಷ ಮಾತ್ರ ಅಂತ ಬಂದವರು ಗಂಟೆಗಟ್ಟಲೆ ಕೂತರಂತೆ. ಬಾಬ್ ಕೊನೆಯ ಸಲ ಕುಡಿದಿದ್ದು ಜೂನ್ 10. ಅದನ್ನೇ ಎಎ ಹುಟ್ಟಿದ ದಿನ ಅಂತ ಎಣಿಸುತ್ತಾರೆ. ಸರ್ಜನ್ ಅಂದ ಕೂಡಲೇ ನನ್ನ ‘ಕೆಲಸಕ್ಕೆ ಹೋಗುವವನು’ ಜಂಬ ಸ್ವಲ್ಪ ಇಳಿಯಿತು.

ಹೊರಡುವಾಗ ಅವರು ತಮ್ಮ ನಂಬರ್ ಬರೆದುಕೊಟ್ಟರು. ‘ಮೊದಲ ಗ್ಲಾಸಿಗೆ ಮುಂಚೆ ಫೋನ್ ಮಾಡಿ. ಆಮೇಲೆ ಮಾಡಿದರೂ ನಾನು ಕೇಳಿಸ್ಕೊಳ್ತೀನಿ, ಆದರೆ ನಿಮಗೆ ನಾನು ಹೇಳೋದು ಕೇಳಿಸಲ್ಲ.’

ಮನೆಗೆ ಬಂದರೂ ನಿದ್ದೆ ಬರಲಿಲ್ಲ. ಒಂದು ವಿಷಯ ನಾನು ಅಲ್ಲಿ ಹೇಳಿರಲಿಲ್ಲ. ಬೂಟಿನಲ್ಲಿ ಇನ್ನೂ ಒಂದು ಕ್ವಾರ್ಟರ್ ಇತ್ತು. ಹನ್ನೊಂದು ದಿನವೂ ಇತ್ತು. ಡಾಕ್ಟರಿಗೆ ಗೊತ್ತಿಲ್ಲ, ಹೆಂಡತಿಗೆ ಗೊತ್ತಿಲ್ಲ. ಸುಮ್ನೆ ಇರಲಿ ಅಂತ ಬಿಟ್ಟಿದ್ದೆ.

ಹನ್ನೊಂದೂವರೆಗೆ ಫೋನ್ ಮಾಡಿದೆ.

‘ಬೂಟಿನಲ್ಲಿ ಒಂದು ಉಳಿದಿದೆ’ ಅಂದೆ.

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಫೋನ್ ಇಡಬೇಡಿ. ಸಿಂಕ್ ಹತ್ತಿರ ಹೋಗಿ.’

ಸುರಿದೆ. ವಾಸನೆ ಮೂಗಿಗೆ ಬಡಿಯಿತು. ನಲ್ಲಿ ತಿರುಗಿಸಿದೆ. ಹಿಂದೆ ತಿರುಗಿ ನೋಡಿದರೆ ಅಡುಗೆಮನೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ.

‘ಇನ್ನೊಂದು ಬೂಟು ನೋಡಿದ್ರಾ?’ ಅಂದಳು.